ಕಪ್ಪೆಚಿಪ್ಪು ಬಾಯಿ ಮುಚ್ಚಿದಾಗ ನಾವು ಬಾಯಿ ತೆರೆಯಬೇಕು

ಕಿಕ್ಕೇರಿ ಹೋಬಳಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಬಂಧುಗಳೇ, ನನ್ನದೊಂದು ಬೇಡಿಕೆಯಿದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೆರೆಕಟ್ಟೆಗಳ ಕೆಸರಿನಲ್ಲಿ ಬದುಕುವ ಕಪ್ಪೆಚಿಪ್ಪನ್ನು ನಾವು ಕುಡಿಯುವ ನೀರಿನ ಕಾವಲಿಗೆ ಇಡಬೇಕು. ಅದರ ಮೈಯೊಳಗೆ ದಾಖಲಾಗುವ ಸಂಕಟವನ್ನು ಸರ್ಕಾರ ಓದಬೇಕು. ಓದಿದ್ದನ್ನು ಬಚ್ಚಿಡದೆ ಕನ್ನಡದಲ್ಲಿ ನಮಗೆ ತಿಳಿಸಬೇಕು. ಇದನ್ನು ಯಾರೂ ತಾವಾಗಿ ಮಾಡಿಕೊಡುವುದಿಲ್ಲ. ನಾವು ಕೇಳಿ ಮಾಡಿಸಿಕೊಳ್ಳಬೇಕು.

ಕಪ್ಪೆಚಿಪ್ಪು ನಮಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಕೆರೆ ಇಳಿದಾಗ ಅಂಗಳದಲ್ಲಿ ಬಿದ್ದಿರುತ್ತಿದ್ದ ಚಿಪ್ಪನ್ನು ಆರಿಸಿ, ಕಲ್ಲಿಗೆ ಉಜ್ಜಿ ತೂತು ಮಾಡಿ, ಅದರಲ್ಲಿ ಮಾವಿನಕಾಯಿ ಸಿಪ್ಪೆ ಹೆರೆದು ತಿಂದ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿದೆ. ಆದರೆ ನಮ್ಮ ಕೈಗೆ ಸಿಗುತ್ತಿದ್ದದ್ದು ಸತ್ತ ಪ್ರಾಣಿಯ ಖಾಲಿ ಮನೆ. ಜೀವ ಇರುವ ಕಪ್ಪೆಚಿಪ್ಪು ನೀರಿನಡಿ ಏನು ಮಾಡುತ್ತದೆ ಎಂದು ಕೂತು ನೋಡಿದವರು ಕಡಿಮೆ.

ನೋಡಬೇಕೆಂದರೆ ತಿಳಿನೀರು ನಿಂತ ಕಡೆ, ಏರಿಯ ಕಲ್ಲುಕಟ್ಟಡದ ಬುಡದಲ್ಲಿ, ಅಲ್ಲಾಡದೆ ಕುಕ್ಕರಗಾಲಲ್ಲಿ ಕೂರಬೇಕು. ಕೆಸರಿನಲ್ಲಿ ಅರ್ಧ ಹೂತು, ಅರ್ಧ ಮೇಲಿದ್ದು, ಓರೆಯಾಗಿ ನಿಂತಿರುತ್ತದೆ. ಎರಡು ಹೋಳುಗಳು ಕೂದಲೆಳೆಯಷ್ಟು ತೆರೆದಿರುತ್ತವೆ. ಆ ಸಂದಿನಲ್ಲಿ ಎರಡು ಕಂಡಿ. ಕೆಳಗಿನದಕ್ಕೆ ಸುತ್ತ ಸಣ್ಣ ಕುಚ್ಚು ಇರುತ್ತದೆ, ಅಲ್ಲಿಂದ ನೀರು ಒಳಕ್ಕೆ. ಮೇಲಿನದರಿಂದ ಹೊರಕ್ಕೆ. ಒಳಗೆ ಕಿವಿರಿನ ಮೇಲೆ ಕಣ್ಣಿಗೆ ಕಾಣದ ರೋಮಗಳು ಹಗಲಿರುಳು ಬಡಿಯುತ್ತ ನೀರನ್ನು ತಳ್ಳುತ್ತಲೇ ಇರುತ್ತವೆ. ಪಾಚಿಯ ಕಣವನ್ನು ಹಿಡಿದು ತಿನ್ನುತ್ತದೆ, ಬೇಡದ್ದನ್ನು ಅಂಟಿನಲ್ಲಿ ಸುತ್ತಿ ಉಗುಳುತ್ತದೆ. ಬೆಳೆದ ಒಂದು ಕಪ್ಪೆಚಿಪ್ಪು ದಿನಕ್ಕೆ ಕೊಡಗಟ್ಟಲೆ ನೀರನ್ನು ಹೀಗೆ ಸೋಸುತ್ತದೆ. ನಿಮ್ಮ ನೆರಳು ಬಿದ್ದರೆ ಸಾಕು, ತಟ್ಟನೆ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯುತ್ತದೆ.

ನೆರಳಿಗೆ ಮುಚ್ಚಿದ್ದು ತೆರೆಯುತ್ತದೆ. ವಿಷಕ್ಕೆ ಮುಚ್ಚಿದ್ದು ಹಾಗಲ್ಲ. ನೀರಿನಲ್ಲಿ ತಾಮ್ರ ಬೆರೆತರೆ, ಅದೂ ಲೀಟರಿಗೆ ಮಿಲಿಗ್ರಾಂನ ಸಣ್ಣದೊಂದು ಪಾಲಿನಷ್ಟು ಬೆರೆತರೂ, ಈ ಪ್ರಾಣಿಗಳು ಗುರುತು ಹಿಡಿಯುತ್ತವೆ. ಹೋಳುಗಳನ್ನು ಬಿಗಿಯಾಗಿ ಎಳೆದುಕೊಂಡು, ಹೃದಯದ ಬಡಿತ ಇಳಿಸಿಕೊಂಡು, ಒಳಗಿನ ಹಳೆಯ ನೀರಿನಲ್ಲೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಡೆದುಕೊಳ್ಳುತ್ತವೆ. ಆದರೆ ಎಷ್ಟು ದಿನ? ಉಸಿರು ಬೇಕು, ಆಹಾರ ಬೇಕು. ತೆರೆಯಲೇಬೇಕು. ಮೀನಿಗೆ ಕಾಲಿಲ್ಲದಿದ್ದರೂ ಈಜು ಇದೆ, ಕೆಟ್ಟ ನೀರು ಬಿಟ್ಟು ಮೇಲ್ಗಡೆಗೆ ಹೋಗುತ್ತದೆ. ಕೊಕ್ಕರೆಗೆ ರೆಕ್ಕೆ ಇದೆ. ಕಪ್ಪೆಚಿಪ್ಪು ಹುಟ್ಟಿದ ಕೆರೆಯಲ್ಲೇ ಇರಬೇಕು, ಅಲ್ಲಿ ಬಂದದ್ದನ್ನೇ ಕುಡಿಯಬೇಕು. ಊರಿನ ಬಡವರ ಹಾಗೆಯೇ. ಅದರ ಸಾಕ್ಷಿಯನ್ನು ನಾನು ನಂಬುವುದು ಈ ಕಾರಣಕ್ಕೆ.

ಒಳಹೊಕ್ಕ ಲೋಹ ಏನಾಗುತ್ತದೆ? ಚರಂಡಿ ನೀರಿನ ಕೊಳೆ ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತದೆ. ಸೀಸ ಕೊಳೆಯುವುದಿಲ್ಲ, ಪಾದರಸ ಕೊಳೆಯುವುದಿಲ್ಲ, ಕ್ಯಾಡ್ಮಿಯಂ ಕೊಳೆಯುವುದಿಲ್ಲ. ಇವತ್ತು ಕೆರೆಗೆ ಬಿದ್ದದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೂಳಿನಲ್ಲಿ, ಹುಲ್ಲಿನಲ್ಲಿ, ಮೀನಿನಲ್ಲಿ, ಎಲುಬಿನಲ್ಲಿ ಇರುತ್ತದೆ. ಕಪ್ಪೆಚಿಪ್ಪಿನ ದೇಹ ಇದನ್ನು ಎದುರಿಸಲು ತನ್ನ ಕೈಲಾದದ್ದೆಲ್ಲ ಮಾಡುತ್ತದೆ. ಮೆಟಲೋಥಯೊನಿನ್ ಎಂಬ ಪ್ರೋಟೀನನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ಲೋಹದ ಕಣಗಳನ್ನು ಕಟ್ಟಿಹಾಕುತ್ತದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಪತ್ತೆಯಾದ ಪ್ರೋಟೀನು ಇದು, ನಮ್ಮ ದೇಹದಲ್ಲೂ ಇದೆ. ಕಟ್ಟಿದ್ದನ್ನು ಜೀವಕೋಶದೊಳಗಿನ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿಗೆ ತುಂಬುತ್ತದೆ. ಚೀಲ ತುಂಬಿ ತುಂಬಿ ಪೊರೆ ಸಡಿಲವಾಗಿ ಒಂದು ದಿನ ಸೋರತೊಡಗುತ್ತದೆ. ಅಲ್ಲಿಂದ ಪ್ರಾಣಿ ತನ್ನನ್ನು ತಾನೇ ಒಳಗಿಂದ ಕಳೆದುಕೊಳ್ಳುತ್ತದೆ.

ಈ ಸೋರಿಕೆಯನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಕಣ್ಣಾರೆ ನೋಡುತ್ತಾರೆ. ಪ್ರಾಣಿಯ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲಿಟ್ಟು ಕೆಂಪು ಬಣ್ಣದ ದ್ರವವೊಂದನ್ನು ಹನಿಸುತ್ತಾರೆ. ಆರೋಗ್ಯವಾಗಿರುವ ಕೋಶದಲ್ಲಿ ಆ ಕೆಂಪು ಚೀಲಗಳೊಳಗೇ ಬಹಳ ಹೊತ್ತು ಚುಕ್ಕೆಚುಕ್ಕೆಯಾಗಿ ನಿಲ್ಲುತ್ತದೆ. ಬಳಲಿದ ಕೋಶದಲ್ಲಿ ಬೇಗನೆ ಸೋರಿ ಇಡೀ ಕೋಶವೇ ಕೆಂಪಾಗುತ್ತದೆ. ಎಷ್ಟು ನಿಮಿಷ ನಿಂತಿತು ಎಂಬುದೇ ಅಳತೆ. ಹೊರಗಿಂದ ನೋಡಿದರೆ ಚಿಪ್ಪು ಹೊಳೆಯುತ್ತಲೇ ಇರುತ್ತದೆ. ಮೀನು ತೇಲಿರುವುದಿಲ್ಲ, ನೀರು ನಾರಿರುವುದಿಲ್ಲ. ಯಾರಿಗೂ ಏನೂ ಆಗದಿರುವಾಗಲೇ ಆ ಒಂದು ಹನಿ ರಕ್ತ ಮುಂದೆ ಬರುವುದನ್ನು ಹೇಳಿಬಿಟ್ಟಿರುತ್ತದೆ.

ಈಗ ನಮ್ಮ ವ್ಯವಸ್ಥೆ ನೀರನ್ನು ಹೇಗೆ ಪರೀಕ್ಷಿಸುತ್ತದೆ ಎಂದು ಯೋಚಿಸಿ. ಗೊತ್ತುಮಾಡಿದ ಜಾಗಕ್ಕೆ ಗೊತ್ತುಮಾಡಿದ ದಿನ ಹೋಗಿ ಬಾಟಲಿಯಲ್ಲಿ ನೀರು ತುಂಬಿ ತರುತ್ತಾರೆ. ಆ ಕೆಲಸ ಬೇಕು, ಮಾಡುವವರ ಬಗ್ಗೆ ನನಗೆ ಗೌರವವಿದೆ. ಆದರೆ ತಿಂಗಳಿಗೊಂದು ಸಲ ಮಟಮಟ ಮಧ್ಯಾಹ್ನ ಬಾಗಿಲು ತೆರೆದು ಮನೆಯಲ್ಲಿ ಕಳ್ಳ ಇದ್ದಾನೆಯೇ ಎಂದು ಇಣುಕಿದ ಹಾಗಾಯಿತು ಅದು. ರಾತ್ರಿ ಮಳೆ ಬರುವುದನ್ನೇ ಕಾದು ತೊಟ್ಟಿಯ ನೀರನ್ನು ಹಳ್ಳಕ್ಕೆ ಬಿಡುವವನು ಬಾಟಲಿ ಬರುವ ದಿನ ಬಿಡುತ್ತಾನೆಯೇ? ಬಾಟಲಿಗೆ ಆ ಒಂದು ಗಳಿಗೆ ಮಾತ್ರ ಗೊತ್ತು. ಕಪ್ಪೆಚಿಪ್ಪಿಗೆ ವರ್ಷಗಳು ಗೊತ್ತು. ನೀರಿನಲ್ಲಿ ಯಂತ್ರಕ್ಕೂ ಸಿಗದಷ್ಟು ಕಡಿಮೆ ಇರುವ ಲೋಹ ಅದರ ಮಾಂಸದಲ್ಲಿ ನೂರಾರು, ಸಾವಿರಾರು ಪಟ್ಟು ಸೇರಿಕೊಂಡಿರುತ್ತದೆ. ರಾತ್ರಿ ಬಿಟ್ಟದ್ದೂ, ಮಳೆಯಲ್ಲಿ ಬಿಟ್ಟದ್ದೂ ಅಲ್ಲಿರುತ್ತದೆ.

ಇದು ನನ್ನ ಕಲ್ಪನೆಯ ಮಾತಲ್ಲ. ಅಮೆರಿಕದ ಸಾಗರ ರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ 'ಮರೀನ್ ಪೊಲ್ಯೂಷನ್ ಬುಲೆಟಿನ್' ಎಂಬ ಪತ್ರಿಕೆಯಲ್ಲಿ ಬರೆದು, ಲೋಕದ ಸಮುದ್ರಗಳನ್ನೆಲ್ಲ ಚಿಪ್ಪುಜೀವಿಗಳ ಮೂಲಕ ಕಾಯೋಣ ಎಂದು ಕರೆಕೊಟ್ಟರು. ಮರುವರ್ಷವೇ ಅಮೆರಿಕದ ಕರಾವಳಿಯಲ್ಲಿ ಕೆಲಸ ಶುರುವಾಯಿತು. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲ ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪಿ.ಕೆ. ಕೃಷ್ಣಕುಮಾರ್ ಮತ್ತು ವಿ.ಕೆ. ಪಿಳ್ಳೈ 1990ರಲ್ಲಿ ಅದೇ ಪತ್ರಿಕೆಯಲ್ಲಿ, ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಪಾದರಸದ ಬಗ್ಗೆ ಬರೆದರು. ಅದೇ ವರ್ಷ ಅವರಿಬ್ಬರೂ ಪಿ.ಕೆ. ಅಶೋಕನ್ ಜೊತೆ ಸೇರಿ, ತಾಮ್ರ ಮತ್ತು ಪಾದರಸ ಸೋಕಿದಾಗ ಪಚ್ಚಿಲೆಯ ದೇಹ, ಅದರ ಜೀವಕೋಶ ಹೇಗೆ ತತ್ತರಿಸುತ್ತವೆ ಎಂಬ ಅಧ್ಯಯನ ಪ್ರಕಟಿಸಿದರು. ಪಚ್ಚಿಲೆ ಎಂದರೆ ಕರಾವಳಿಯ ಬಂಡೆಗಳಿಗೆ ಗೊಂಚಲುಗೊಂಚಲಾಗಿ ಕಚ್ಚಿಕೊಂಡು ಬೆಳೆಯುವ ಹಸಿರು ಅಂಚಿನ ಚಿಪ್ಪುಜೀವಿ. ಮುಂದೆ 2006ರಲ್ಲಿ ಗೀತಾ ಶಶಿಕುಮಾರ್, ಕೃಷ್ಣಕುಮಾರ್ ಮತ್ತು ಜಿ.ಎಸ್. ಭಟ್ ಕರ್ನಾಟಕದ ಕರಾವಳಿಯುದ್ದಕ್ಕೂ ಪಚ್ಚಿಲೆಯ ಮೈಯಲ್ಲಿನ ಲೋಹಗಳನ್ನು ಅಳೆದು ವರದಿ ಮಾಡಿದರು.

ಕಾಸ್ಟಿಕ್ ಸೋಡಾಕ್ಕೂ ಪಾದರಸಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹಳೆಯ ವಿಧಾನದಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸುವ ತೊಟ್ಟಿಯ ತಳದಲ್ಲಿ ಪಾದರಸ ಹರಿಯುತ್ತಿತ್ತು. ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಕಾಸ್ಟಿಕ್ ಸೋಡಾ. ನಮ್ಮ ಸಾಬೂನು, ನಮ್ಮ ಮಕ್ಕಳ ನೋಟುಪುಸ್ತಕದ ಕಾಗದ ಇವೆರಡಕ್ಕೂ ಆ ಸೋಡಾ ಬೇಕಿತ್ತು. ಕೆಲಸ ಮುಗಿದ ನೀರಿನ ಜೊತೆ ಅಷ್ಟಿಷ್ಟು ಪಾದರಸವೂ ಹೊರಬೀಳುತ್ತಿತ್ತು. ದೇಶದಲ್ಲಿ ಆ ವಿಧಾನವನ್ನು ಹಂತಹಂತವಾಗಿ ಕೈಬಿಟ್ಟಿದ್ದಾರೆ. ಆದರೆ ಮೊದಲು ಬಿದ್ದ ಪಾದರಸಕ್ಕೆ ಕೈಬಿಡುವುದು ಗೊತ್ತಿಲ್ಲ.

ನನ್ನನ್ನು ನೋಯಿಸುವುದು ಮುಂದಿನ ಮಾತು. ಕರಾವಳಿಯ ಚಿಪ್ಪುಗಳನ್ನು ಆರಿಸುವವರಲ್ಲಿ ಹೆಂಗಸರೂ ಇದ್ದಾರೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿಗಿಳಿದು ಕೆಸರಿನಿಂದ ಚಿಪ್ಪು ಹೆಕ್ಕಿ ಸಂಸಾರ ಸಾಗಿಸುವ ಮನೆಗಳು ಎಷ್ಟೋ ಇವೆ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸಂತೋಷ. ಆದರೆ ಚಿಪ್ಪಿನ ಮೈಯಲ್ಲಿ ಎಷ್ಟು ಸೀಸ, ಎಷ್ಟು ಪಾದರಸ ಇದೆ ಎಂದು ಕನ್ನಡದಲ್ಲಿ, ಒಂದು ಹಲಗೆಯ ಮೇಲೆ, ಆರಿಸುವ ಹೆಂಗಸಿಗೂ ಕೊಳ್ಳುವ ಗಿರಾಕಿಗೂ ಕಾಣುವ ಹಾಗೆ ಬರೆದು ನಿಲ್ಲಿಸಿದ್ದನ್ನು ನಾನು ಯಾವ ಮೀನು ಮಾರುಕಟ್ಟೆಯಲ್ಲೂ ಕಂಡಿಲ್ಲ. ವಿಜ್ಞಾನಿಗಳು ತಮ್ಮ ಕೆಲಸ ಮಾಡಿದರು. ಪ್ರಾಣಿ ತನ್ನ ಪ್ರಾಣ ಕೊಟ್ಟು ಹೇಳಿತು. ಆ ಮಾತು ಇಂಗ್ಲಿಷ್ ಪತ್ರಿಕೆಯ ಪುಟದಿಂದ ಎದ್ದು ಆ ತಾಯಂದಿರ ಬುಟ್ಟಿಯವರೆಗೆ ಬರಬೇಕಿತ್ತು.

ಪ್ರಾಣಿ ಹೇಳಿದ್ದನ್ನು ಮನುಷ್ಯ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಮಿನಮಾಟ ಊರಿದೆ. ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಕೊಲ್ಲಿಯ ಮೀನು, ಚಿಪ್ಪು ತಿಂದ ಬೆಕ್ಕುಗಳು ಹುಚ್ಚು ಹಿಡಿದ ಹಾಗಾಗಿ ಸುತ್ತಿ ಸುತ್ತಿ ಬಿದ್ದು ಸತ್ತವು. ಆಮೇಲೆ ಮನುಷ್ಯರ ಸರದಿ. ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಹೊಟ್ಟೆಯಲ್ಲಿದ್ದ ಕೂಸನ್ನೂ ಬಿಡಲಿಲ್ಲ. 1956ರ ಮೇ 1ರಂದು ಆ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವ ಹಾಜಿಮೆ, ಕಾರ್ಖಾನೆಯ ಹೊಲಸು ನೀರನ್ನೇ ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಕೊಟ್ಟು ನೋಡಿದರು. ಅದರ ಸಂಖ್ಯೆ 400. ಅದಕ್ಕೂ ಅದೇ ಕಾಯಿಲೆ ಬಂತು. ಕಾರಣ ತಿಳಿದುಹೋಯಿತು! ಆದರೆ ಕಂಪನಿ ಆ ಫಲಿತಾಂಶವನ್ನು ಹೊರಬಿಡಲಿಲ್ಲ. ಕಾರ್ಖಾನೆಯ ಪಾದರಸವೇ ಕಾರಣ ಎಂದು ಜಪಾನ್ ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ನಡುವಿನ ಒಂಬತ್ತು ವರ್ಷ ಆ ಬೆಕ್ಕಿನ ಸಾಕ್ಷಿ ಕಡತದಲ್ಲಿತ್ತು, ವಿಷ ಊಟದ ತಟ್ಟೆಯಲ್ಲಿತ್ತು. ಈ ಒಂಬತ್ತು ವರ್ಷಗಳನ್ನು ನೆನೆದಾಗೆಲ್ಲ ನನಗೆ ಎದೆ ಉರಿಯುತ್ತದೆ.

ಸಮುದ್ರ ಎಲ್ಲಿ, ನಮ್ಮ ಕಿಕ್ಕೇರಿ ಎಲ್ಲಿ ಎನ್ನಬೇಡಿ. ನೀರಿನ ದಾರಿ ಹಿಡಿದು ನಡೆಯೋಣ ಬನ್ನಿ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರದ ಕಾಫಿ ತೋಟಗಳ ನಡುವೆ ಹರಿದು, ಗೊರೂರಿನಲ್ಲಿ ಅಣೆಕಟ್ಟು ಕಂಡು, ಹೊಳೆನರಸೀಪುರ ದಾಟಿ ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿಗೆ ಬರುತ್ತಾಳೆ. ಮಂದಗೆರೆ, ಹೇಮಗಿರಿ ಕಟ್ಟೆಗಳಿಂದ ನಮ್ಮ ಗದ್ದೆಗೆ ಇಳಿಯುತ್ತಾಳೆ. ನಾಲೆಯಲ್ಲಿ ನಾಗಮಂಗಲದ ಕಡೆಗೂ ಹೋಗುತ್ತಾಳೆ. ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದಲ್ಲಿ ಕಾವೇರಿ, ಲಕ್ಷ್ಮಣತೀರ್ಥದ ಜೊತೆ ಸೇರಿ ಕನ್ನಂಬಾಡಿ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಮೈಸೂರಿಗೆ, ಮಂಡ್ಯಕ್ಕೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪಾಗಿ ನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೆ. ಕಾವೇರಿ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, 2024ರ ಅಕ್ಟೋಬರಿನಲ್ಲಿ ಚಾಲನೆಗೆ ಬಂತು. ಉಳಿದದ್ದು ಪೂಂಪುಹಾರದ ಹತ್ತಿರ ಕಡಲು ಸೇರುತ್ತದೆ. ನಮ್ಮ ಹಳ್ಳದಲ್ಲಿ ಬಿದ್ದದ್ದು ಎಷ್ಟು ಲೋಟಗಳಿಗೆ, ಎಷ್ಟು ಊರುಗಳಿಗೆ ಪಾಲಾಗುತ್ತದೆ ನೋಡಿ.

ಈ ದಾರಿಯಲ್ಲಿ ಲೋಹ ಬೀಳುವ ಜಾಗಗಳು ನಮಗೆ ಗುರುತಿಲ್ಲದವೇನಲ್ಲ. ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆಯುತ್ತಾರೆ. ಮೈಲುತುತ್ತ ಎಂದರೆ ತಾಮ್ರವೇ. ಗದ್ದೆಗೆ ಹಾಕುವ ರಂಜಕದ ಗೊಬ್ಬರ ಬರುವುದು ಶಿಲೆಯಿಂದ, ಆ ಶಿಲೆಯಲ್ಲಿ ಕ್ಯಾಡ್ಮಿಯಂ ಹುಟ್ಟಾ ಇರುತ್ತದೆ. ಕೆಲವು ಆಲೆಮನೆಗಳ ಒಲೆಗೆ ಹಳೆಯ ಟೈರು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ, ಟೈರಿನಲ್ಲಿ ಸತುವಿದೆ, ಬೂದಿ ಮಳೆಗೆ ಕೊಚ್ಚಿಹೋಗುವುದು ಕೆರೆಗೆ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡುಗಳಿರುವ ಕಡೆ ನೆಲವೇ ಕಪ್ಪಾಗಿರುತ್ತದೆ. ಇನ್ನು ಗಣೇಶ ಹಬ್ಬ. ಹೊಳೆಯುವ ಹಳದಿ, ಕೇಸರಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಸುವ ರೂಢಿ ಹಳೆಯದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ದಾಟಬಾರದೆಂದು 2017ರಿಂದ ನಿಯಮವಿದೆ. ಮೂರ್ತಿಗೆ ಬಳಿದ ಬಣ್ಣವನ್ನು ಯಾರು ಅಳೆದರು? ವಿಘ್ನ ಕಳೆಯಲಿ ಎಂದು ಕೈಮುಗಿದು ಬೀಳ್ಕೊಟ್ಟ ದೇವರ ಮೈಬಣ್ಣ ಕೆರೆಯ ಕೆಸರಿನಲ್ಲಿ ಕೂತು ಕಪ್ಪೆಚಿಪ್ಪಿನ ಹೊಟ್ಟೆ ಸೇರುವುದನ್ನು ಯಾವ ದೇವರು ಮೆಚ್ಚುತ್ತಾನೆ?

ನಮ್ಮ ಕೆರೆ ಕೆಟ್ಟುಹೋಗಿದೆ ಎಂದು ನಾನು ಹೇಳುತ್ತಿಲ್ಲ. ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಕೆಟ್ಟಿದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿಯುವ ಹಕ್ಕು ನಮಗಿದೆ, ಅದನ್ನು ತಿಳಿಸಬಲ್ಲ ಜೀವ ನಮ್ಮ ಕಾಲಬುಡದಲ್ಲೇ ಇದೆ, ಆದರೂ ನಾವು ಕೇಳುತ್ತಿಲ್ಲ ಎಂಬುದೇ ನನ್ನ ಸಂಕಟ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001 ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಇಷ್ಟು ಸಣ್ಣ ಅಂಕಿಗಳನ್ನು ಕಣ್ಣು ಕಾಣುವುದಿಲ್ಲ, ನಾಲಿಗೆ ಅರಿಯುವುದಿಲ್ಲ. ಸೀಸ ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೇ ಏಟು ಕೊಡುತ್ತದೆ. ಯಾಕೋ ಹುಡುಗ ಓದಿನಲ್ಲಿ ಹಿಂದೆ ಎಂದು ಮೇಷ್ಟ್ರೂ ತಾಯಿಯೂ ಬೈಯುತ್ತ ಕೂತಿರುವಾಗ ಕಾರಣ ಬಿಂದಿಗೆಯಲ್ಲೇ ಇರಬಹುದು.

ನಮ್ಮ ಪಕ್ಕದ ರಂಗನತಿಟ್ಟನ್ನೂ ನೆನೆಯಿರಿ. 1940ರಲ್ಲಿ ಪಕ್ಷಿಧಾಮವಾದ ತಾಣ ಅದು. ಅಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಇರುತ್ತದೆ. ಬಸವನಹುಳು, ಕಪ್ಪೆಚಿಪ್ಪುಗಳನ್ನು ಹಿಡಿದು ತಿನ್ನಲೆಂದೇ ಪಳಗಿದ ಕೊಕ್ಕು ಅದು. ಸುತ್ತಲಿನ ಕೆರೆ, ಗದ್ದೆಗಳಲ್ಲಿ ಮೇಯ್ದು ಮರಿಗೆ ಗುಟುಕು ಒಯ್ಯುತ್ತದೆ. ಚಿಪ್ಪಿನಲ್ಲಿ ಸೇರಿದ್ದು ಗೂಡಿಗೂ ಹೋಗುತ್ತದೆ.

ಚಿಪ್ಪನ್ನು ನೀರಿನ ಕಾವಲಿಗೆ ಇಟ್ಟ ಊರೂ ಇದೆ. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ವಿಸ್ತುಲಾ ನದಿಯಿಂದ ಊರಿಗೆ ನೀರೆತ್ತುವ ಸ್ಥಾವರವೊಂದಿದೆ. ಅಲ್ಲಿ ನೀರು ಹಾಯುವ ತೊಟ್ಟಿಯಲ್ಲಿ ಎಂಟು ಚಿಪ್ಪುಜೀವಿಗಳನ್ನು ಇಟ್ಟಿದ್ದಾರೆ. ಪ್ರತಿಯೊಂದರ ಚಿಪ್ಪಿಗೂ ನೋವಾಗದಂತೆ ಸಂವೇದಕ ಅಂಟಿಸಿದ್ದಾರೆ. ಹೋಳು ಎಷ್ಟು ತೆರೆದಿದೆ ಎಂಬುದು ಗಣಕಕ್ಕೆ ಗೊತ್ತಾಗುತ್ತಲೇ ಇರುತ್ತದೆ. ಒಂದು ಮುಚ್ಚಿದರೆ ಏನೋ ಅದರ ಪಾಡು. ಹೆಚ್ಚಿನವು ಒಟ್ಟಿಗೆ ಮುಚ್ಚಿಕೊಂಡರೆ ಎಚ್ಚರಿಕೆ ಮೊಳಗುತ್ತದೆ. ಸುಮಾರು ಮೂರು ತಿಂಗಳ ಕೆಲಸದ ನಂತರ ಅವನ್ನು ತಂದ ನೀರಿಗೇ ಮರಳಿ ಬಿಡುತ್ತಾರೆ, ಗುರುತು ಹಾಕಿ ಬಿಡುತ್ತಾರೆ, ಅದೇ ಜೀವವನ್ನು ಮತ್ತೆ ದುಡಿಸಿಕೊಳ್ಳಬಾರದೆಂದು. ಇಂಥ ಮರ್ಯಾದೆ ನಮ್ಮ ನಾಡಿನ ಜೀವಕ್ಕೂ ಸಲ್ಲಬೇಡವೇ? ಒಂದು ಮಹಾನಗರದ ದಾಹ ತಣಿಸುವ ತೊರೆಕಾಡನಹಳ್ಳಿಯಲ್ಲಿ, ಕನ್ನಂಬಾಡಿಯಿಂದ ನೀರೆತ್ತುವ ಪ್ರತಿ ಸ್ಥಾವರದಲ್ಲಿ, ಕೋಟಿಗಟ್ಟಲೆ ಹಣ ಸುರಿದ ಪಂಪುಗಳ ಪಕ್ಕ ಎಂಟು ಕಪ್ಪೆಚಿಪ್ಪುಗಳಿಗೆ ಒಂದು ತೊಟ್ಟಿ ಕಟ್ಟಲು ಎಷ್ಟು ಖರ್ಚಾದೀತು? ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಮಂಡ್ಯದ ಮಕ್ಕಳೇ, ನಲ್ಲಿ ತಿರುಗಿಸುವವರು ನೀವು. ಜಲಮಂಡಳಿಯನ್ನು ಈ ಪ್ರಶ್ನೆ ಕೇಳಬೇಕಾದವರೂ ನೀವೇ.

ಚಿಪ್ಪಿನ ಮಾತಿಗೆ ಮಿತಿಯೂ ಇದೆ, ಅದನ್ನು ಮುಚ್ಚಿಟ್ಟರೆ ನಾನು ಸತ್ಯಕ್ಕೆ ಎರಡು ಬಗೆದಂತೆ. ಬಿಸಿಲಿಗೆ ನೀರು ಕಾದರೂ, ಪ್ರಾಣವಾಯು ಕಡಿಮೆಯಾದರೂ, ಹೊಸ ಮಳೆಯ ಕೆಂಪು ನೀರು ಬಂದರೂ ಅದು ಮುಚ್ಚಿಕೊಳ್ಳುತ್ತದೆ, ಬಳಲುತ್ತದೆ. ಏನೋ ಕೆಟ್ಟಿದೆ ಎನ್ನುತ್ತದೆ, ಇಂಥದೇ ಲೋಹ ಎಂದು ಹೆಸರು ಹೇಳುವುದಿಲ್ಲ. ಹೆಸರು ಹೇಳಲು ಪ್ರಯೋಗಾಲಯವೇ ಬೇಕು. ಕೆಡದ ಕೆರೆಯೊಂದರ ಚಿಪ್ಪುಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು, ಋತು ನೋಡಬೇಕು, ಪ್ರಾಣಿಯ ವಯಸ್ಸು ನೋಡಬೇಕು. ಅದಕ್ಕೇ ಬಾಟಲಿ ಬೇಡ, ಚಿಪ್ಪು ಸಾಕು ಎಂದು ನಾನು ಹೇಳುವುದಿಲ್ಲ. ಬಾಟಲಿಯ ಜೊತೆಗೆ ಚಿಪ್ಪೂ ಇರಲಿ. ನಮ್ಮ ಕೆರೆಗಳ ಈ ಜೀವವನ್ನು, ಶಾಸ್ತ್ರದಲ್ಲಿ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಎಂದು ಕರೆಸಿಕೊಳ್ಳುವುದನ್ನು, ದೇಶದ ಪ್ರಾಣಿಶಾಸ್ತ್ರ ವಿಭಾಗಗಳು ದಶಕಗಳಿಂದ ಅಭ್ಯಾಸ ಮಾಡಿವೆ. ವಿದ್ಯೆ ಇದೆ, ಕಲಿತವರಿದ್ದಾರೆ. ಮೈಸೂರಿನ ವಿಶ್ವವಿದ್ಯಾನಿಲಯ, ಮಂಗಳೂರಿನ ಮೀನುಗಾರಿಕೆ ಕಾಲೇಜು ನಮ್ಮಿಂದ ಬಹಳ ದೂರವೂ ಇಲ್ಲ. ಊರಿನವರು ಕರೆದರೆ ಬರುವ ಮೇಷ್ಟ್ರುಗಳು ಇದ್ದೇ ಇರುತ್ತಾರೆ.

ಕರೆಯುವ ಮೊದಲು ನಮ್ಮ ಕೈಯಿಂದಲೇ ಆಗುತ್ತಿರುವ ಒಂದು ಅನ್ಯಾಯ ನಿಲ್ಲಬೇಕು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುತ್ತೇವೆ. ಜೆಸಿಬಿ ಬಾಯಿಗೆ ಸಿಕ್ಕಿದ್ದೆಲ್ಲ ಟ್ರ್ಯಾಕ್ಟರಿಗೆ. ನೀರು ಬರುವುದನ್ನು ಕಾದು ಕೆಸರೊಳಗೆ ಬಿಗಿದುಕೊಂಡು ಕೂತಿದ್ದ ಕಪ್ಪೆಚಿಪ್ಪುಗಳು ಹೂಳಿನ ಜೊತೆ ಹೊಲಕ್ಕೆ ಹೋಗಿ ಬಿಸಿಲಿಗೆ ಬಾಯಿಬಿಟ್ಟು ಸಾಯುತ್ತವೆ. ಹೊಳೆಯಲ್ಲಿ ಮರಳೆತ್ತಿದ ಕಡೆಯೂ ಇದೇ ಕಥೆ. ಅವು ಮತ್ತೆ ಬರುವುದು ಸುಲಭವಲ್ಲ. ಇವುಗಳ ಮರಿ ಹುಟ್ಟಿದ ಕೂಡಲೇ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿಕೊಂಡು ಕೆಲವು ವಾರ ಬದುಕಿ, ಆಮೇಲಷ್ಟೇ ಕೆಸರಿಗೆ ಬೀಳುತ್ತದೆ. ಒಪ್ಪುವ ಮೀನಿಲ್ಲದ ಕೆರೆಯಲ್ಲಿ ಮುದಿ ಚಿಪ್ಪುಗಳು ಮಾತ್ರ ಇರುತ್ತವೆ, ಮರಿ ಕಾಣುವುದಿಲ್ಲ. ಅಂಥ ಕೆರೆಯಲ್ಲಿ ಸಂತತಿ ಆಗಲೇ ಮುಗಿದಿದೆ ಎಂದೇ ತಿಳಿಯಬೇಕು. ಹೂಳೆತ್ತುವ ಮುನ್ನ ಶಾಲೆಯ ಮಕ್ಕಳೂ ಸ್ವಸಹಾಯ ಸಂಘದ ಅಕ್ಕಂದಿರೂ ಕೂಡಿ ಒಂದು ಬೆಳಗ್ಗೆ ಚಿಪ್ಪುಗಳನ್ನು ಆರಿಸಿ ತೂಬಿನ ಹತ್ತಿರದ ಆಳದ ನೀರಿಗೆ ಬಿಡಲಿ. ಆರಿಸುವಾಗಲೇ ಮರಿ ಎಷ್ಟು, ಬೆಳೆದದ್ದು ಎಷ್ಟು, ಖಾಲಿ ಚಿಪ್ಪು ಎಷ್ಟು ಎಂದು ಎಣಿಸಿ ಬರೆದಿಡಲಿ. ಮಕ್ಕಳು ಯಾವ ಜೀವವನ್ನೂ ಕೊಯ್ಯುವುದು, ಕೊಲ್ಲುವುದು ಬೇಡ. ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಬಲ್ಲವರು ತೆಗೆದುಕೊಳ್ಳಲಿ.

ಕೆರೆ, ನದಿಗಳನ್ನು ಕಾಪಾಡುವುದು, ಜೀವಿಗಳ ಮೇಲೆ ದಯೆಯಿಡುವುದು ಪ್ರತಿ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಬರೆದಿದೆ. ಜಲಮಾಲಿನ್ಯ ತಡೆಯುವ ಕಾಯ್ದೆ 1974ರಿಂದ ಇದೆ. ಪಂಚಾಯಿತಿ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಆ ಸಭೆಗೆ ನಾವು ಹೋಗುವುದು ಮನೆ ಕೇಳಲು, ರಸ್ತೆ ಕೇಳಲು. ಅವೂ ಬೇಕು. ಮುಂದಿನ ಸಲ ನೀರಿಗಾಗಿಯೂ ಹೋಗೋಣ. ಕಿಕ್ಕೇರಿಯಿಂದಲೇ ಶುರುವಾಗಲಿ. ಹತ್ತಿರಹತ್ತಿರ ಒಂಬತ್ತು ಶತಮಾನದಿಂದ ನಿಂತಿರುವ ಬ್ರಹ್ಮೇಶ್ವರ ಗುಡಿಯ ಊರು ಇದು, ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. ಕೆರೆ ಕಟ್ಟಿಸಿದ ಹಿರಿಯರು ಯಾರಿಗಾಗಿ ಕಟ್ಟಿಸಿದರೋ ಆ ಮುಂದಿನವರು ನಾವೇ. ನಮಗೂ ಮುಂದಿನವರಿದ್ದಾರೆ.

ಅರ್ಜಿ ಹೇಗೆ ಬರೆಯುವುದು ಎಂದು ಹಿಂಜರಿಯಬೇಡಿ. ಇಷ್ಟು ಬರೆದರೆ ಸಾಕು: "ನಮ್ಮ ಕೆರೆಯ ಕಪ್ಪೆಚಿಪ್ಪುಗಳನ್ನು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲೊಮ್ಮೆ ಮತ್ತು ಗಣೇಶ ವಿಸರ್ಜನೆಯ ನಂತರ ಒಮ್ಮೆ, ಸೀಸ, ಕ್ಯಾಡ್ಮಿಯಂ, ಪಾದರಸ, ತಾಮ್ರ, ಕ್ರೋಮಿಯಂ ಇವುಗಳ ಪರೀಕ್ಷೆಗೆ ಕಳುಹಿಸಬೇಕು. ಅವುಗಳ ಜೀವಕೋಶಗಳ ಬಳಲಿಕೆಯನ್ನೂ ಅಳೆಸಬೇಕು. ಅದೇ ದಿನ ಕೆರೆಯ ನೀರು ಮತ್ತು ಕೆಸರಿನ ಮಾದರಿಯನ್ನೂ ತೆಗೆಯಬೇಕು. ಮಾದರಿ ತೆಗೆಯುವಾಗ ಊರಿನ ಇಬ್ಬರು ಹಾಜರಿರಬೇಕು. ಫಲಿತಾಂಶ ಬಂದ ಏಳು ದಿನದೊಳಗೆ ಅದನ್ನು ಕನ್ನಡದಲ್ಲಿ ಪಂಚಾಯಿತಿ ಕಚೇರಿ, ಶಾಲೆ ಮತ್ತು ಹಾಲಿನ ಡೇರಿಯ ಗೋಡೆಗೆ ಅಂಟಿಸಬೇಕು. ಲೋಹ ಹೆಚ್ಚಿದ್ದರೆ ಅದು ಬರುವ ಮೂಲವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಹುಡುಕಿ ನಿಲ್ಲಿಸಬೇಕು. ಬಣ್ಣ ಬಳಿದ ಮೂರ್ತಿಗಳಿಗೆ ಕೆರೆಯ ಹೊರಗೆ ಪ್ರತ್ಯೇಕ ತೊಟ್ಟಿ ಕಟ್ಟಿಸಬೇಕು. ಇದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಬೇಕು." ಕೆಳಗೆ ಮನೆಗೊಬ್ಬರಂತೆ ಸಹಿ ಹಾಕಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು ಹಾಕಿಸಿ ಸ್ವೀಕೃತಿ ಪಡೆದುಕೊಳ್ಳಿ.